ಬೇರೆಯವರ ಕೈಬರಹ

1984ರ ಮಳೆಗಾಲ. ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಾಗರ ತಾಲೂಕಿನ ನಮ್ಮ ಹಳ್ಳಿಗೆ ಟಪಾಲು ಬರುವುದು ಬೆಳಗಿನ ಹನ್ನೊಂದರ ಸುಮಾರಿಗೆ. ನಾನು ಹಿತ್ತಲ ಬಾಗಿಲಲ್ಲಿ ಕೂತು ಕೆಸುವಿನ ಎಲೆ ಹೆಚ್ಚುತ್ತಿದ್ದೆ. ಪೋಸ್ಟಿನವರು ಕೊಡೆಯನ್ನೂ ಮಡಚದೆ ದಣಪೆಯ ಆಚೆಯಿಂದಲೇ ಕೂಗಿದರು: “ಅಮ್ಮಾ, ನಿಮ್ಮ ಹೆಸರಿಗೆ ಮನಿಯಾರ್ಡರ್ ಬಂದದೆ.”

ಮದುವೆಯಾಗಿ ಆ ಮನೆಗೆ ಬಂದು ಆರು ವರ್ಷವಾಗಿತ್ತು. ನನ್ನ ಹೆಸರಿಗೆ ದುಡ್ಡು ಬಂದದ್ದು ಅದೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಓಡಿದೆ. ಕೈಯ ಒದ್ದೆಗೋ ಮಳೆಯ ಒದ್ದೆಗೋ, ರುಜು ಹಾಕುವಾಗ ಮಸಿ ಹರಡಿಕೊಂಡಿತು. ಅರವತ್ತು ರೂಪಾಯಿ. ಪೋಸ್ಟಿನವರು ನೋಟುಗಳನ್ನು ಎಣಿಸಿ ಕೊಟ್ಟು, ಫಾರಂನ ಕೆಳಗಿನ ತುಂಡನ್ನು ಹರಿದು ಕೈಗಿತ್ತರು. ಮನಿಯಾರ್ಡರಿನಲ್ಲಿ ಕಳಿಸುವವರು ನಾಲ್ಕು ಮಾತು ಬರೆಯಲು ಅಂಥದೊಂದು ತುಂಡು ಇರುತ್ತಿತ್ತು, ಹಿರಿಯ ಕೇಳುಗರಿಗೆ ನೆನಪಿರಬಹುದು. ಅದರಲ್ಲಿ ನೀಲಿ ಮಸಿಯಲ್ಲಿ ಒಂದೇ ಸಾಲು. ನನ್ನ ಕತೆಯ ಹೆಸರು, ಅದರ ಮುಂದೆ “ಸಂಭಾವನೆ” ಎಂಬ ಪದ. ಯಾರು ಬರೆದದ್ದೋ ಗೊತ್ತಿಲ್ಲ. ನನ್ನ ಕತೆ ತೆಗೆದುಕೊಂಡ ಬೆಂಗಳೂರಿನ ವಾರಪತ್ರಿಕೆಯ ಲೆಕ್ಕದ ವಿಭಾಗದ ಯಾರೋ ಒಬ್ಬರು. ಅವರ ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಆ ತುಂಡು ಇವತ್ತಿಗೂ ನನ್ನ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗಿದೆ.

ಒಳಗೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಮಾವನವರು ಏನೆಂದು ಕೇಳಿದರು. ಹೇಳಿದೆ. ಅವರು ಕನ್ನಡಕ ಏರಿಸಿ ಆ ತುಂಡನ್ನು ಎರಡು ಸಲ ಓದಿದರು. “ನಿಂಗೂ ಸಂಭಾವನೆ ಬಂತನೇ ಕೂಸೇ?” ಎಂದರು. ಅವರ ಮಟ್ಟಿಗೆ ಸಂಭಾವನೆ ಎಂದರೆ ಉಪನಯನ, ಮದುವೆ, ಶ್ರಾದ್ಧದ ಮನೆಗಳಲ್ಲಿ ವೈದಿಕರಿಗೆ ತಾಂಬೂಲದ ಜೊತೆ ಕೊಡುವ ದುಡ್ಡು. ಕೂಲಿಗೆ ಚೌಕಾಸಿ ಮಾಡಬಹುದು, ಸಂಭಾವನೆಗೆ ಮಾಡುವಂತಿಲ್ಲ. ಕೊಡುವವರು ಬಗ್ಗಿ ಕೊಡಬೇಕು. ಅಂಥ ಮಾತು ಮನೆಯ ಸೊಸೆಗೂ ಸಲ್ಲುತ್ತದೆ ಎಂಬುದು ಅವರಿಗೆ ಅವತ್ತೇ ತಿಳಿದದ್ದು. ನನಗೂ ಅವತ್ತೇ.

ಆಮೇಲೆ ಎಷ್ಟೋ ವರ್ಷ ಆ ಪದದ ಬೆನ್ನು ಹತ್ತಿದ್ದೇನೆ. ಸಂಭಾವನೆ ಎಂದರೆ ಆದರ, ಮನ್ನಣೆ. ಅದೇ ಪದಕ್ಕೆ ಹೀಗಿರಬಹುದು ಎಂದು ಮನಸ್ಸಿನಲ್ಲಿ ಊಹಿಸಿಕೊಳ್ಳುವುದು ಎಂಬ ಅರ್ಥವೂ ಉಂಟು. ಉತ್ಪ್ರೇಕ್ಷಾಲಂಕಾರದ ಲಕ್ಷಣ ಹೇಳುವಾಗ ಆಲಂಕಾರಿಕರು ಬಳಸುವುದು ಈ ಅರ್ಥವನ್ನೇ. ಇನ್ನು ನಮ್ಮ ರೂಢಿಯಲ್ಲಿ ಅದು ದುಡ್ಡು. ಇಲ್ಲದ್ದನ್ನು ಕಲ್ಪಿಸುವುದು, ಕಲ್ಪಿಸಿದ್ದಕ್ಕೆ ಮನ್ನಣೆ ಸಿಗುವುದು, ಆ ಮನ್ನಣೆ ಕೈಗೆ ನಾಲ್ಕು ನೋಟಾಗಿ ಬರುವುದು. ಕತೆ ಬರೆಯುವವರ ಬಾಳು ಪೂರ್ತಿ ಆ ಒಂದು ಪದದೊಳಗೆ ಕೂತಿದೆ. ಆದ್ದರಿಂದಲೇ ಇಂದು ಈ ಸಂತೋಷದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು ಅನ್ನಿಸಿತು. ಬರೆದದ್ದಕ್ಕೆ ದುಡ್ಡು ಬಂದಾಗ ಹಿಗ್ಗುವುದು ಸಣ್ಣತನ ಎಂಬ ಭಾವನೆ ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ.

ಆ ಕತೆ ನನ್ನ ಚಿಕ್ಕಮ್ಮನದು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ, 1964ರ ಹೊತ್ತಿಗೆ, ಮುಳುಗಿದ ಹಳ್ಳಿಗಳಲ್ಲಿ ಅವಳ ಗಂಡನ ಮನೆಯಿದ್ದ ಹಳ್ಳಿಯೂ ಒಂದು. ಗಂಡ ಅದಕ್ಕೂ ಮೊದಲೇ ತೀರಿಹೋಗಿದ್ದ. ತೋಟ ಹೋಯಿತು, ಮನೆ ಹೋಯಿತು, ಅವಳು ನನ್ನ ತವರುಮನೆಗೆ ಬಂದು ಸೇರಿದಳು. ಬೇಸಿಗೆಯ ಕೊನೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಬೋಳು ಮರಗಳು, ಗದ್ದೆಯ ಅಂಚು, ಬಾವಿಕಟ್ಟೆಗಳು ಮೇಲೆ ಕಾಣುತ್ತವೆ. ಚಿಕ್ಕಮ್ಮ ಅಂಥ ಒಂದು ಬೇಸಿಗೆಯಲ್ಲಿ ಯಾರಿಗೂ ಹೇಳದೆ ಹೋಗಿ, ತಾನು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಹುಡುಕಿ, ಕೆಸರು ತೊಳೆದು, ಅದರ ಮೇಲೆ ಸಂಜೆಯವರೆಗೆ ಕೂತು ಬಂದಿದ್ದಳಂತೆ. ಇಷ್ಟೇ ನನಗೆ ಗೊತ್ತಿದ್ದದ್ದು. ಕೂತಾಗ ಅವಳು ಏನು ನೆನೆದಳು, ಯಾರ ಜೊತೆ ಮಾತಾಡಿದಳು ಎಂಬುದೆಲ್ಲ ನನ್ನ ಕಲ್ಪನೆ.

ಬರೆಯುತ್ತಿದ್ದದ್ದು ರಾತ್ರಿ, ಪಾತ್ರೆ ತೊಳೆದು ಒಲೆ ಸಾರಿಸಿದ ಮೇಲೆ. ಪತ್ರಿಕೆಯವರ ಸೂಚನೆಗಳು ನನಗೆ ಬಾಯಿಪಾಠ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಅಂಚು ಬಿಡಬೇಕು, ವಾಪಸು ಬೇಕಿದ್ದರೆ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಇಡಬೇಕು. ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದು ಬರೆದು ನಡುಬೆರಳಿಗೆ ಗಂಟು ಬಂದಿತ್ತು.

ಆ ಸ್ವವಿಳಾಸದ ಲಕೋಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪೋಸ್ಟಿನವರು ದಣಪೆ ದಾಟುವಾಗ ಅವರ ಕೈಯಲ್ಲಿರುವ ಲಕೋಟೆ ಜಗಲಿಯಿಂದಲೇ ಕಾಣುತ್ತಿತ್ತು. ಅದರ ಮೇಲೆ ನನ್ನದೇ ಕೈಬರಹ ಕಂಡರೆ ಕತೆ ವಾಪಸು ಬಂದಿದೆ ಎಂದೇ ಅರ್ಥ. ಒಡೆಯುವ ಮೊದಲೇ ಎದೆ ಕುಸಿಯುತ್ತಿತ್ತು. ಬೇರೆಯವರ ಕೈಬರಹದ ಒಂದು ಕಾರ್ಡು ಬಂದರೆ ಕತೆ ಸ್ವೀಕಾರವಾಗಿದೆ ಎಂದು. ನಾಲ್ಕು ಕತೆಗಳು ನನ್ನ ಕೈಬರಹ ಹೊತ್ತುಕೊಂಡು ತಿರುಗಿ ಬಂದವು. ಐದನೆಯದಕ್ಕೆ ಬೇರೆಯವರ ಕೈಬರಹ ಬಂತು. ಅಷ್ಟು ದಿನ ನನ್ನೊಳಗೇ ಸುತ್ತುತ್ತಿದ್ದದ್ದನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

ಅರವತ್ತು ರೂಪಾಯಿಯಲ್ಲಿ ಏನು ಮಾಡಿದೆ ಎಂದು ಕೇಳುತ್ತೀರಿ. ಸಾಗರದ ಪೇಟೆಗೆ ಹೋಗಿ ಎರಡು ದಸ್ತು ಬಿಳಿ ಹಾಳೆ, ಒಂದು ಬಾಟಲಿ ಮಸಿ, ಕಾರ್ಬನ್ ತಂದೆ. ಚಿಕ್ಕಮ್ಮನಿಗೆ ಒಂದು ಹತ್ತಿಯ ಸೀರೆ ತಂದೆ. ಅವಳಿಗೆ ನಾನು ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ. ದುಡ್ಡು ಯಾರ ಕಲ್ಲಿನ ಮೇಲಿನಿಂದ ಹುಟ್ಟಿತ್ತೋ ಅವಳಿಗೆ ಅದರಲ್ಲಿ ಒಂದು ಪಾಲು ಹೋಗಬೇಕಿತ್ತು.

ಕತೆ ಅಚ್ಚಾದ ಎರಡು ವಾರಕ್ಕೆ ಓದುಗರ ಕಾಗದ ಬರತೊಡಗಿತು. ಪತ್ರಿಕೆಯವರು ತಮಗೆ ಬಂದ ಕಾರ್ಡುಗಳನ್ನು ಒಂದು ಲಕೋಟೆಗೆ ಹಾಕಿ ಕಳಿಸಿದ್ದರು. ಆಗ ಪೋಸ್ಟ್ ಕಾರ್ಡಿಗೆ ಹದಿನೈದು ಪೈಸೆ. ಒಂಬತ್ತು ಕಾರ್ಡು. ಅದರಲ್ಲೊಂದು, ಕಾಳಿ ನದಿಗೆ ಸೂಪಾದಲ್ಲಿ ಕಟ್ಟುತ್ತಿದ್ದ ಅಣೆಕಟ್ಟಿಗಾಗಿ ಊರು ಬಿಟ್ಟ ಒಬ್ಬರದು. ತಮ್ಮ ಮನೆಯ ತುಳಸಿಕಟ್ಟೆಯನ್ನು ಕಿತ್ತು ತರಲಾಗಲಿಲ್ಲ ಎಂದು ಬರೆದಿದ್ದರು. ಕತೆ ಚೆನ್ನಾಗಿದೆ ಎಂದಾಗಲಿ ಇಲ್ಲ ಎಂದಾಗಲಿ ಅದರಲ್ಲಿ ಒಂದಕ್ಷರ ಇರಲಿಲ್ಲ. ತುಳಸಿಕಟ್ಟೆ ಎಷ್ಟು ಎತ್ತರವಿತ್ತು, ಅದಕ್ಕೆ ಯಾವ ಕಡೆಯಿಂದ ಬಿಸಿಲು ಬೀಳುತ್ತಿತ್ತು ಎಂಬುದಷ್ಟೇ. ಹೊಗಳಿಕೆಯ ಕಾಗದಗಳು ಆಮೇಲೆ ಬೇಕಾದಷ್ಟು ಬಂದಿವೆ. ಆ ಕಾರ್ಡಿನ ಸಮಕ್ಕೆ ಬಂದದ್ದು ಒಂದೂ ಇಲ್ಲ.

ಹಿಂದಿನವರನ್ನು ನೆನೆದರೆ ನನ್ನ ಪಾಲಿಗೆ ಬಂದದ್ದು ಎಷ್ಟು ಬೇಗ ಬಂತು ಅನ್ನಿಸುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ತಮ್ಮ ಮೊದಲ ಕತೆಗಳ ಪುಸ್ತಕ ‘ಕೆಲವು ಸಣ್ಣ ಕಥೆಗಳು’ ಹೊರತಂದದ್ದು 1920ರಲ್ಲಿ. ಅವರ ಸಣ್ಣ ಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1968ರಲ್ಲಿ. ನಡುವೆ ನಲವತ್ತೆಂಟು ವರ್ಷ. ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಓದುವವರನ್ನು ಹುಟ್ಟಿಸಿದ್ದು ಹೀಗೆ ನಡೆದ ಕಾಲುಗಳು. ಪುಸ್ತಕ ಮಾರುವುದನ್ನು ಕೀಳೆಂದು ತಿಳಿದಿದ್ದರೆ ಅವರು ಮನೆಯಲ್ಲೇ ಕೂರುತ್ತಿದ್ದರು.

ನನ್ನನ್ನು ಹೆಚ್ಚು ಕಾಡುವವರು ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿದರು, ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕತೆಗಳನ್ನು ಬರೆದರು. ವಿಧವೆಯರ ಬಗ್ಗೆ, ವರದಕ್ಷಿಣೆಯ ಬಗ್ಗೆ, ಗಂಡಸರ ಮಾತಿಗೆ ಬಲಿಯಾದ ಹೆಣ್ಣುಮಕ್ಕಳ ಬಗ್ಗೆ ಆ ಕಾಲದಲ್ಲಿ ಅಷ್ಟು ನೇರವಾಗಿ ಬರೆದವರು ಕಡಿಮೆ. 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಈಜಲು ಇಳಿದ ನೀರಿನಲ್ಲೇ ತೀರಿಕೊಂಡರು. ಅವರ ಕತೆಗಳ ಸಂಕಲನ ‘ಕಂಬನಿ’ ಹೊರಬಂದದ್ದು ಅವರು ಹೋದ ಮೇಲೆ. ತನ್ನ ಪುಸ್ತಕವನ್ನು ತಾನೇ ಕೈಯಲ್ಲಿ ಹಿಡಿದು ಮುಖಪುಟದ ಮೇಲೆ ಬೆರಳಾಡಿಸುವ ಸುಖ ಅವರಿಗೆ ಸಿಗಲಿಲ್ಲ. ನನ್ನ ಮೊದಲ ಸಂಕಲನ ಬಂದ ದಿನ ನಾನು ಮೊದಲು ನೆನೆದದ್ದು ಗೌರಮ್ಮನವರನ್ನು.

ವೈದೇಹಿಯವರದು ಬೇರೆಯ ಕತೆ. ಕುಂದಾಪುರದ ಆ ಹುಡುಗಿ ‘ಸುಧಾ’ ವಾರಪತ್ರಿಕೆಗೆ ಒಂದು ಬರಹ ಕಳಿಸಿ, ಆಮೇಲೆ ನಿಜವಾಗಿ ನಡೆದದ್ದು ಅದರಲ್ಲಿದೆ ಎಂದು ಹೆದರಿ ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರಿಗೆ ಬರಹವನ್ನು ಬಿಡಲು ಮನಸ್ಸಿಲ್ಲ. ಹೆಸರು ಬದಲಾಯಿಸಿ ‘ವೈದೇಹಿ’ ಎಂದು ಹಾಕಿ ಅಚ್ಚು ಮಾಡಿದರು. ಆ ಹೊಸ ಹೆಸರು ಸಂಪಾದಕರ ಮೇಜಿನಿಂದ ಬಂತು. 2009ರಲ್ಲಿ ಅವರ ಕತೆಗಳ ಸಂಕಲನ ‘ಕ್ರೌಂಚ ಪಕ್ಷಿಗಳು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಹೆಸರು ಕೊಡುವಷ್ಟು ಪ್ರೀತಿಯಿಂದ ಒಂದು ಬರಹವನ್ನು ಹಿಡಿದುಕೊಳ್ಳುವ ಸಂಪಾದಕರು ನಮ್ಮಲ್ಲಿದ್ದರು. ಅವರ ಋಣ ಯಾವ ಮುನ್ನುಡಿಯಲ್ಲೂ ತೀರುವಂಥದ್ದಲ್ಲ.

ಎಲ್ಲವೂ ಸುಖವೇ ಆಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಪತ್ರಿಕೆ ನನ್ನ ಎರಡು ಕತೆ ಅಚ್ಚು ಮಾಡಿತು. ದುಡ್ಡಿರಲಿ, ಗೌರವ ಪ್ರತಿಯನ್ನೂ ಕಳಿಸಲಿಲ್ಲ. ಮೊದಲ ಸಂಕಲನದ ಪ್ರಕಾಶಕರು ಗೌರವಧನದ ಬದಲು ಐವತ್ತು ಪುಸ್ತಕದ ಕಟ್ಟು ಕೊಟ್ಟು ಕೈತೊಳೆದುಕೊಂಡರು. ತಮ್ಮ ಸಂಬಳದಲ್ಲಿ ಉಳಿಸಿ ಸಣ್ಣ ಪತ್ರಿಕೆ ನಡೆಸುವವರು ಏನೂ ಕೊಡದಿದ್ದರೂ ನನಗೆ ಬೇಸರವಿಲ್ಲ, ಅವರಿಗೆ ನಾನೇ ಚಂದಾ ಕಟ್ಟಿದ್ದೇನೆ. ಆದರೆ ಕಾಗದದವನಿಗೆ, ಮುದ್ರಣದವನಿಗೆ, ಬೈಂಡಿಂಗಿನವನಿಗೆ ಲೆಕ್ಕ ಹಾಕಿ ಕೊಡುವವರು ಬರೆದವರ ಪಾಲು ಬಂದಾಗ ಮಾತ್ರ ಸರಸ್ವತಿಯ ಸೇವೆ ಎನ್ನುವುದು ತಪ್ಪು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಆ ಐವತ್ತರ ಕಟ್ಟಿನಲ್ಲಿ ಕೆಲವು ಪ್ರತಿ ಮಾರಾಟಕ್ಕೆ ಹೋದದ್ದು 2006ರಲ್ಲಿ, ಶಿವಮೊಗ್ಗದಲ್ಲಿ ನಿಸಾರ್ ಅಹಮದರ ಅಧ್ಯಕ್ಷತೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ. ಪರಿಚಯದ ಮಳಿಗೆಯವರೊಬ್ಬರು ಹತ್ತು ಪ್ರತಿ ಇಟ್ಟುಕೊಂಡಿದ್ದರು. ನಾನು ಬೇರೆ ಪುಸ್ತಕ ನೋಡುವವಳ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಬಂದ. ಒಂದು ಕೈಯಲ್ಲಿ ನನ್ನ ಪುಸ್ತಕ, ಇನ್ನೊಂದು ಕೈಯಲ್ಲಿ ಬೇರೆಯವರದು. ಜೇಬಿನಿಂದ ನೋಟು ತೆಗೆದು ಎಣಿಸಿದ, ಎರಡಕ್ಕೂ ಸಾಲದು. ನನ್ನ ಪುಸ್ತಕದ ನಡುವಿನ ಯಾವುದೋ ಪುಟ ತೆರೆದು ನಿಂತಲ್ಲೇ ಓದತೊಡಗಿದ. ಜನ ಅವನನ್ನು ತಳ್ಳಿಕೊಂಡು ಹೋಗುತ್ತಿದ್ದರು, ಧೂಳೇಳುತ್ತಿತ್ತು, ಮೈಕಿನಲ್ಲಿ ಯಾರದೋ ಭಾಷಣ. ಅವನು ಒಂದು ಪುಟ ಮುಗಿಸಿ ಮಗುಚಿದ. ನನಗೆ ಉಸಿರು ಬಿಡಲೂ ಭಯ. ಕೊನೆಗೆ ಇನ್ನೊಂದು ಪುಸ್ತಕವನ್ನು ಜೋಪಾನವಾಗಿ ಇದ್ದಲ್ಲೇ ಇಟ್ಟು, ನನ್ನದಕ್ಕೆ ನಲವತ್ತು ರೂಪಾಯಿ ಕೊಟ್ಟ. ಅದರಲ್ಲಿ ಹತ್ತರಷ್ಟು ನಾಣ್ಯಗಳೇ ಇದ್ದವು. ಬರೆದವಳು ನಾನೇ ಎಂದು ಹೇಳಲಿಲ್ಲ. ಅವನು ಊಟವನ್ನೋ ಬಸ್ಸನ್ನೋ ಬಿಟ್ಟು ಕೊಂಡಿರಬಹುದು. ಆ ವ್ಯವಹಾರದ ನಡುವೆ ನನ್ನ ಮುಖ ಬರುವುದು ಸರಿಯಲ್ಲ ಅನ್ನಿಸಿತು.

ಈ ರೇಡಿಯೋ ಮೈಕಿನ ಋಣವನ್ನೂ ಹೇಳಬೇಕು. 1991ರಲ್ಲಿ ಆಕಾಶವಾಣಿಯಿಂದ ಕತೆ ಓದಲು ಕರಾರು ಪತ್ರ ಬಂತು. ದಿನಾಂಕ, ಸಮಯ, ಎಷ್ಟು ನಿಮಿಷ, ಎಷ್ಟು ರೂಪಾಯಿ ಎಂದು ಅಚ್ಚುಕಟ್ಟಾಗಿ ಬರೆದ ಪತ್ರ. ಒಪ್ಪಿಗೆಗೆ ರುಜು ಹಾಕಿ ಕಳಿಸಬೇಕು. ನಾನು ಅದೇ ಚಿಕ್ಕಮ್ಮನ ಕತೆಯನ್ನು ಓದಿದೆ. ಪ್ರಸಾರದ ಹೊತ್ತಿಗೆ ತವರಿನಲ್ಲಿದ್ದೆ. ಚಿಕ್ಕಮ್ಮ ಆಗಿನ್ನೂ ಇದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ; ಕತೆ ಅಚ್ಚಾಗಿ ಏಳು ವರ್ಷವಾದರೂ ಅದು ತನ್ನದೆಂದು ತಿಳಿದಿರಲಿಲ್ಲ. ರೇಡಿಯೋ ಗೂಡಿನಲ್ಲಿತ್ತು. ಅವಳು ಅಡಿಗೆಮನೆಯ ಹೊಸಿಲಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದಳು. ಕತೆಯಲ್ಲಿ ಹೆಂಗಸು ಕಲ್ಲಿನ ಕೆಸರು ತೊಳೆಯುವ ಭಾಗ ಬಂದಾಗ ಅವಳ ಬೆರಳು ನಿಂತಿತು. ಮುಗಿಯುವವರೆಗೂ ನಿಂತೇ ಇತ್ತು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: “ಕಲ್ಲು ಅಷ್ಟು ದೊಡ್ಡದಿರಲಿಲ್ಲ ಮಗಾ. ಉಳಿದದ್ದೆಲ್ಲ ಹೌದು.”

ಉಳಿದದ್ದೆಲ್ಲ ನಾನು ಕಲ್ಪಿಸಿ ಬರೆದದ್ದು. ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಯಾವುದೆಂದು ಸಂದರ್ಶನಗಳಲ್ಲಿ ಕೇಳುತ್ತಾರೆ. ನಾನು ಈ ಮಾತನ್ನೇ ಹೇಳುತ್ತೇನೆ.

ಸಣ್ಣ ಕತೆ ಕಾದಂಬರಿಯ ತಂಗಿ, ಕಾದಂಬರಿ ಬರೆಯುವ ಮೊದಲು ಕೈ ಪಳಗಿಸಿಕೊಳ್ಳುವ ಜಾಗ ಎಂಬ ತಾತ್ಸಾರವನ್ನು ಬಹಳ ಕಾಲ ಕೇಳಿದ್ದೇವೆ. 2013ರಲ್ಲಿ ಮ್ಯಾನ್ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ನಮ್ಮ ಅನಂತಮೂರ್ತಿಯವರ ಹೆಸರಿತ್ತು. ಆ ವರ್ಷ ಅದು ಸಿಕ್ಕಿದ್ದು ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ, ಪುಟವೊಂದಕ್ಕೂ ಕಡಿಮೆಯ ಕತೆಗಳನ್ನು ಬರೆಯುವವರಿಗೆ. ಅದೇ ವರ್ಷ ನೊಬೆಲ್ ಬಂದದ್ದು ಜೀವಮಾನವಿಡೀ ಸಣ್ಣ ಕತೆಗಳನ್ನೇ ಬರೆದ ಕೆನಡಾದ ಆಲಿಸ್ ಮನ್ರೋ ಅವರಿಗೆ. ಅಡಿಗೆಮನೆ, ಅಕ್ಕತಂಗಿಯರು, ಸಣ್ಣ ಊರು ಎಂದು ಯಾವುದನ್ನು ಪಕ್ಕಕ್ಕೆ ಸರಿಸುತ್ತಿದ್ದರೋ ಅದನ್ನೇ ಬರೆದವರು ಅವರು.

ಮತ್ತೆ 2025ರ ಮೇ 20. ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಬಂತು. ಹಾಸನದ ವಕೀಲೆ, ಬಂಡಾಯ ಸಾಹಿತ್ಯದ ದಿನಗಳಿಂದ ಬರೆದವರು, ಮೊದಲ ಕತೆ ‘ಪ್ರಜಾಮತ’ದಲ್ಲಿ ಅಚ್ಚಾದವರು. ಮೂವತ್ತು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಬರೆದ ಹನ್ನೆರಡು ಕತೆಗಳು. ಆ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಕತೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡ್ ಬಹುಮಾನವನ್ನು ಬರೆದವರು, ಅನುವಾದಿಸಿದವರು ಸಮಸಮವಾಗಿ ಹಂಚಿಕೊಳ್ಳಬೇಕು. ಅನುವಾದ ಮಾಡಿದವರು ಮಡಿಕೇರಿಯ ದೀಪಾ ಭಾಸ್ತಿ. ಅದಕ್ಕೂ ಮೊದಲು ದೀಪಾ ಇಂಗ್ಲಿಷಿಗೆ ತಂದದ್ದು ಯಾರ ಕತೆಗಳನ್ನು ಗೊತ್ತೇ? ತಮ್ಮೂರಿನವರೇ ಆದ ಕೊಡಗಿನ ಗೌರಮ್ಮನವರ ಕತೆಗಳನ್ನು.

ಮರುದಿನ ಬೆಳಗಿನ ವಾರ್ತೆಯಲ್ಲಿ ಸುದ್ದಿ ಕೇಳಿದೆ. ಕಾಫಿ ಲೋಟ ಕೆಳಗಿಟ್ಟು ಅತ್ತೆ. ನನಗೆ ಬಂದದ್ದಲ್ಲ, ನನ್ನ ಪರಿಚಯದವರೂ ಅಲ್ಲ. ಆದರೆ ಒಲೆ ಸಾರಿಸಿದ ಮೇಲೆ ಕೂತು ಒಂದೇ ಮಗ್ಗುಲಿಗೆ ಬರೆದ ಎಲ್ಲ ಹೆಂಗಸರ ಮನೆಯ ದಣಪೆಯಲ್ಲಿ ಅವತ್ತು ಪೋಸ್ಟಿನವರು ನಿಂತು ಕೂಗಿದ ಹಾಗಾಯಿತು. ಗೌರಮ್ಮನವರ ಮನೆಯ ಮುಂದೆಯೂ.

ಈಗ ಆ ಮನಿಯಾರ್ಡರಿಲ್ಲ. 2015ರಲ್ಲೇ ಅಂಚೆ ಇಲಾಖೆ ಹಳೆಯ ರೀತಿಯ ಮನಿಯಾರ್ಡರನ್ನು ನಿಲ್ಲಿಸಿತು. ಮೊನ್ನೆ ನಮ್ಮ ಪಕ್ಕದೂರಿನ ಒಬ್ಬ ಹುಡುಗಿ ಓಡಿಕೊಂಡು ಬಂದಳು, ಬಿ.ಎ. ಕೊನೆಯ ವರ್ಷದವಳು. ಅವಳ ಮೊದಲ ಕತೆಗೆ ದುಡ್ಡು ಬಂದಿತ್ತು, ನೇರ ಬ್ಯಾಂಕಿನ ಖಾತೆಗೆ. ಮೊಬೈಲಿನಲ್ಲಿ ಬಂದ ಸಂದೇಶ ತೋರಿಸಿದಳು: ಒಂದು ಮೊತ್ತ, ಒಂದು ತಾರೀಕು, ಉದ್ದದ ಒಂದು ಸಂಖ್ಯೆ. “ಆಂಟಿ, ಇದರಲ್ಲಿ ಕತೆಯ ಹೆಸರೇ ಇಲ್ಲ” ಎಂದಳು. ನನ್ನ ಟ್ರಂಕು ತೆರೆದು ಆ ಹಳೆಯ ತುಂಡನ್ನು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಬಿಳಿ ಹಾಳೆ ತಂದು ಅವಳ ಕತೆಯ ಹೆಸರು ಬರೆದೆ, ಮೊತ್ತ ಬರೆದೆ, ಮುಂದೆ “ಸಂಭಾವನೆ” ಎಂದು ಬರೆದು ತಾರೀಕು ಹಾಕಿದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು.

ನಾನೂ ಹೋದ ವಾರ ಒಂದು ಕತೆ ಕಳಿಸಿದ್ದೇನೆ. ಇಮೇಲಿನಲ್ಲಿ, ಮಗನ ಸಹಾಯದಿಂದ. ಉತ್ತರ ಯಾವ ಹೊತ್ತಿಗೆ ಬೇಕಾದರೂ ಬರಬಹುದು. ಆದರೂ ಹನ್ನೊಂದು ಗಂಟೆಯಾಯಿತೆಂದರೆ ಕಣ್ಣು ದಣಪೆಯ ಕಡೆ ಹೋಗುತ್ತದೆ.